ಬೀಗರ ಬೋಟು, ನನ್ನ ಎರಡು ಬೆರಳು

ಹೋದ ತಿಂಗಳು ಒಂದು ಭಾನುವಾರ, ಹಂಸಭಾವಿ ಹತ್ತಿರದ ಕೆರೆಯಲ್ಲಿ ನನ್ನ ಮಗಳ ಮದುವೆ ಮುಳುಗುವುದು ಸ್ವಲ್ಪದರಲ್ಲಿ ತಪ್ಪಿತು.

ಮದುವೆ ಕೆರೆಯಲ್ಲಿ ಹೇಗೆ ಮುಳುಗುತ್ತದೆ ಅಂತೀರಾ? ನನ್ನಂಥ ಅಪ್ಪ ಒಬ್ಬನಿದ್ದರೆ ಎಲ್ಲಿ ಬೇಕಾದರೂ ಮುಳುಗುತ್ತದೆ.

ಮೊದಲಿನಿಂದ ಹೇಳುತ್ತೇನೆ. ನನ್ನ ಮಗಳು ವೀಣಾ ದುಂಡಸಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಶಿಗ್ಗಾವಿಯಲ್ಲಿ ರೂಮು ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ಅದೇ ಬಸ್ಸಿನಲ್ಲಿ ದುಂಡಸಿಯ ಪಶು ಆಸ್ಪತ್ರೆಗೆ ಹೋಗುವ ಪ್ರಕಾಶ ಎಂಬ ಹುಡುಗ. ಎರಡು ವರ್ಷ ಒಂದೇ ಬಸ್ಸು. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆಯಿಂದ ಅಡ್ಡಿಯಿರಲಿಲ್ಲ. ಹುಡುಗನ ಅಪ್ಪ ಮಹದೇವಪ್ಪ ಸವಣೂರಿನವರು. ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಮಾತುಕತೆಗೆ ಬನ್ನಿ ಎಂದು ಕರೆದರು. ಹೊರಡುವ ಮುಂಚೆ ಮಗಳು ಒಂದೇ ಒಂದು ಎಚ್ಚರಿಕೆ ಕೊಟ್ಟಳು.

"ಅಪ್ಪಾ, ಅವರ ಮನ್ಯಾಗ ಏನೂ ಮುಟ್ಟಬ್ಯಾಡ."

ಈ ಅಂಕಣ ಓದುವವರಿಗೆ ನನ್ನ ಕಾಯಿಲೆ ಹೊಸದಲ್ಲ. ಹಾನಗಲ್ಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಯಾರದೇ ಮನೆಯ ಗೋಡೆಯಲ್ಲಿ ಫೋಟೋ ಓರೆಯಾಗಿ ಕಂಡರೆ ಎದ್ದು ನೇರ ಮಾಡುತ್ತೇನೆ. ರಸ್ತೆಯಲ್ಲಿ ನಿಲ್ಲಿಸಿದ ಬೈಕಿನ ಕನ್ನಡಿ ತಿರುಗಿಸುತ್ತೇನೆ. ಒಮ್ಮೆ ಗೆಳೆಯನ ಮನೆಯ ಮುಂಜಿಯಲ್ಲಿ ಅಡುಗೆಯವರು ಆಚೆ ಹೋದಾಗ ಒಲೆಯ ಉರಿ ಸಣ್ಣ ಮಾಡಿದ್ದೆ. ನೂರು ಜನರಿಗೆ ಅರೆಬೆಂದ ಅನ್ನ. (ಗೆಳೆಯ ಈಗಲೂ ಮಾತಾಡುತ್ತಾನೆ. ಊಟಕ್ಕೆ ಮಾತ್ರ ಕರೆಯುವುದಿಲ್ಲ.)

ಸವಣೂರಿನಲ್ಲಿ ಚಹಾ ಆಯಿತು, ಖಾರ ಆಯಿತು. ನಾನು ಕೈ ಕಟ್ಟಿಕೊಂಡೇ ಕುಳಿತಿದ್ದೆ. ಆಗ ಮಹದೇವಪ್ಪನವರು ಎದ್ದರು. "ಒಳಗ ಬರ್ರಿ ಬೀಗರ, ನಿಮಗ ಒಂದು ತೋರಸ್ತೇನಿ."

ದೇವರ ಮನೆ ತೋರಿಸುತ್ತಾರೆ ಅಂದುಕೊಂಡು ಚಪ್ಪಲಿ ಬಿಟ್ಟು ಹೋದೆ. ಒಳಗೆ ಟೇಬಲ್. ಟೇಬಲ್ ಮೇಲೆ ಮಡಚಿದ ಟವೆಲ್. ಟವೆಲ್ ಮೇಲೆ ಎರಡೂವರೆ ಅಡಿ ಉದ್ದದ ಒಂದು ಕೆಂಪು ಬೋಟು.

"ಆಟಿಗಿ ಸಾಮಾನೇನ್ರಿ?" ಎಂದೆ. ಹಿಂದಿನಿಂದ ಹೆಂಡತಿ ಗಿರಿಜಾ ಚಿವುಟಿದಳು.

ಅವರಿಗೆ ಸಿಟ್ಟು ಬರಲಿಲ್ಲ. "ರೇಸಿಂದ್ರಿ ಇದು. ಬ್ಯಾಟರಿ ಮ್ಯಾಲ ಓಡತೈತಿ. ದಂಡಿ ಮ್ಯಾಲ ನಿಂತು ರಿಮೋಟ್‌ಲೇ ಓಡಸೂದು."

ಆಮೇಲೆ ಒಂದು ಗಂಟೆ ಮದುವೆಯ ಮಾತೇ ಇಲ್ಲ. ಪುಟ್ಟ ಪ್ರೊಪೆಲ್ಲರ್ ತೋರಿಸಿದರು. ಎರಡೇ ರೆಕ್ಕೆ. ಅದನ್ನು ತೆಳ್ಳನೆಯ ಕಡ್ಡಿಗೆ ಏರಿಸಿ ಬಿಟ್ಟರೆ ಯಾವ ರೆಕ್ಕೆ ಭಾರವೋ ಅದು ಕೆಳಗೆ ಜಾರುತ್ತದೆ. ಜಾರಿದ್ದನ್ನು ಉಜ್ಜು ಕಾಗದದಿಂದ ಒಂದೇ ಸಲ ಸವರಬೇಕು. ಮತ್ತೆ ಏರಿಸಬೇಕು. ಮತ್ತೆ ನೋಡಬೇಕು. ಎರಡೂ ರೆಕ್ಕೆ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವವರೆಗೆ.

"ಇದಕ್ಕ ಎಷ್ಟ್ ಹೊತ್ತು ಹಿಡೀತ್ರಿ?"

"ಹದಿನೈದು ದಿನ."

ನಾನು ನಕ್ಕೆ. ಅವರು ನಗಲಿಲ್ಲ.

ಕೊನೆಗೆ ಬೋಟಿನ ಹೊಟ್ಟೆಯ ಅಡಿ ಎರಡು ಬೆರಳ ತುದಿ ಇಟ್ಟು ಎತ್ತಿದರು. ಬೋಟು ತಕ್ಕಡಿಯ ಹಾಗೆ ಸಮನಾಗಿ ನಿಂತಿತು. "ಹಿಂದಿನಿಂದ ಅಳದರ ಮೂರರಾಗ ಒಂದು ಪಾಲು. ತೂಕ ಅಲ್ಲೇ ನಿಂದ್ರಬೇಕ್ರಿ. ಭಾರ ಮುಂದ ಬಂತಂದ್ರ ಮೂತಿ ನೀರಾಗ ಹೋಗತೈತಿ, ಓಟ ಇಲ್ಲ. ಹಿಂದ ಹೋತಂದ್ರ ಮೂತಿ ಎತ್ತಿ ಹಾರತೈತಿ."

"ಹಾರಿದ ಮ್ಯಾಲ?"

"ಹಾರಿದ ಮ್ಯಾಲ ಮುಗೀತ್ರಿ."

ಒಳಗೆ ಎಲ್ಲಕ್ಕಿಂತ ಭಾರದ ವಸ್ತು ಬ್ಯಾಟರಿ. ಅದನ್ನು ಹಿಂದೆ ಮುಂದೆ ಸರಿಸಿಯೇ ಈ ತೂಕ ಕೂಡಿಸುವುದು. ಅದು ಕೂರಬೇಕಾದ ಜಾಗದಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಗೆರೆ ಎಳೆದಿದ್ದರು. ಆ ಗೆರೆ ಸಿಗಲು ಒಂದು ಮಳೆಗಾಲ ಹಿಡಿದಿತ್ತಂತೆ.

ಗುರುತ್ವ ಕೇಂದ್ರದ ಪಾಠವನ್ನು ನಾನು ಮೂವತ್ತೊಂದು ಸಲ ಮಾಡಿದ್ದೇನೆ. ರಟ್ಟಿನ ತುಂಡು, ದಾರ, ಮೊಳೆ. ಇಷ್ಟು ಬಿಟ್ಟು ಜೀವನದಲ್ಲಿ ಇನ್ನೇನನ್ನೂ ತೂಗಿ ನಿಲ್ಲಿಸಿದವನಲ್ಲ. ಹಾಗಂತ ಹೇಳಿದೆನೇ?

"ನನಗೆಲ್ಲಾ ಗೊತ್ತೈತ್ರಿ. ನಮ್ಮ ಸಬ್ಜೆಕ್ಟ್ ಇದು" ಎಂದುಬಿಟ್ಟೆ.

ಮಹದೇವಪ್ಪನವರ ಮುಖ ಅರಳಿತು. ಪಾಪ, ಮನೆಯಲ್ಲಿ ಒಬ್ಬರೂ ಅವರ ಬೋಟಿನ ಮಾತು ಕೇಳಿಸಿಕೊಳ್ಳುವುದಿಲ್ಲ. "ಹಂಗಾರ ಭಾನುವಾರ ನನ್ನ ಸಂಗಾಟ ಬರ್ರಿ. ಹಿರೇಕೆರೂರ ದಸ್ತಗೀರನ ಜೋಡಿ ರೇಸ್ ಐತಿ. ಅದು ಮುಗೀಲಿ, ಆಮ್ಯಾಲ ನಿಶ್ಚಯದ ದಿನ ನೋಡೂಣು."

ದಸ್ತಗೀರ್ ಅವರ ಹಳೆಯ ಗೆಳೆಯ. ಹರೆಯದಲ್ಲಿ ಇಬ್ಬರೂ ಹುಬ್ಬಳ್ಳಿಯ ಒಂದೇ ಅಂಗಡಿಯಲ್ಲಿ ಮೋಟರ್ ಸುತ್ತುವುದನ್ನು ಕಲಿತವರು. ಈಗ ದಸ್ತಗೀರರದು ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ಇವರದು ಕೆಂಪು ಬೋಟು, ಅವರದು ಹಸಿರು. ಇಬ್ಬರದೇ ರೇಸು. ಬಹುಮಾನ ಇಲ್ಲ, ಪ್ರೇಕ್ಷಕರೂ ಇಲ್ಲ. ಆ ಭಾನುವಾರ ಹಂಸಭಾವಿಯ ಆಚೆಗಿನ ಕೆರೆಯ ದಂಡೆಯಲ್ಲಿ ನಾನು, ಆರು ಎಮ್ಮೆ, ಇಷ್ಟೇ.

ಇಬ್ಬರೂ ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಕುಳಿತು, ತಿರುವಿನ ಗುರುತಿಗೆಂದು ಎರಡು ಎಣ್ಣೆ ಡಬ್ಬಿ ತೇಲಿಬಿಡಲು ಹೋದರು. ಹೋಗುವಾಗ ಮಹದೇವಪ್ಪನವರು ಅಂದರು, "ಬೋಟ್ ಹಂತ್ಯಾಕ ನೀವ ನಿಂದರ್ರಿ ಬೀಗರ. ಯಾರೂ ಮುಟ್ಟಬಾರದು."

ಯಾರೂ ಅಂದರೆ ಬೇರೆಯವರು. ನಾನಲ್ಲವಲ್ಲ?

ಬೋಟು ದಂಡೆಯ ನೀರಿನಲ್ಲಿ ತೇಲುತ್ತಿತ್ತು. ನೋಡಿದೆ. ಬಗ್ಗಿ ನೋಡಿದೆ. ಮೂತಿ ಸ್ವಲ್ಪ ತಗ್ಗಿದಂತೆ ಕಾಣಿಸಿತು. ಮೂತಿ ನೀರಿಗೆ ತಾಗಿದರೆ ಘರ್ಷಣೆ. ಘರ್ಷಣೆ ಇದ್ದರೆ ವೇಗ ಕಡಿಮೆ. ಒಂಬತ್ತನೇ ಕ್ಲಾಸಿನ ಹುಡುಗರಿಗೂ ಗೊತ್ತಿರುವ ವಿಷಯ! ಬ್ಯಾಟರಿಯನ್ನು ಒಂದಿಷ್ಟು ಹಿಂದೆ ಸರಿಸಿದರೆ ಮೂತಿ ಏಳುತ್ತದೆ, ಬೀಗರು ಗೆಲ್ಲುತ್ತಾರೆ, ಖುಷಿಯಲ್ಲಿ ನಿಶ್ಚಯದ ದಿನ ಹೇಳುತ್ತಾರೆ. ಮಗಳಿಗಾಗಿ ಅಪ್ಪ ಇಷ್ಟೂ ಮಾಡಬಾರದೇ?

ಮುಚ್ಚಳದ ಟೇಪ್ ಬಿಚ್ಚಿದೆ. ಬ್ಯಾಟರಿಯನ್ನು ಪೆನ್ಸಿಲ್ ಗೆರೆಯಿಂದ ಎರಡು ಬೆರಳು ಹಿಂದಕ್ಕೆ ಸರಿಸಿ ಪಟ್ಟಿ ಬಿಗಿದೆ. ಟೇಪನ್ನು ಉಗುರಿನಿಂದ ತೀಡಿ ಮೊದಲಿನಂತೆಯೇ ಅಂಟಿಸಿದೆ. ಅವರು ತಿರುಗಿ ಬರುವಷ್ಟರಲ್ಲಿ ಎಮ್ಮೆ ನೋಡುತ್ತ ನಿಂತಿದ್ದೆ.

ರೇಸು ಶುರುವಾಯಿತು. ಕೆಂಪು ಬೋಟು ಚಿಮ್ಮಿದ್ದನ್ನು ನೀವು ನೋಡಬೇಕಿತ್ತು. ಮೊದಲ ಸುತ್ತಿನಲ್ಲೇ ಹಸಿರು ಬೋಟನ್ನು ಹಿಂದೆ ಹಾಕಿತು.

"ಏ, ಇವತ್ತ್ ಏನ್ ಓಡಾಕತ್ತೈತ್ರಿ ಬೀಗರ!" ಮಹದೇವಪ್ಪನವರು ರಿಮೋಟ್ ಹಿಡಿದೇ ಕುಣಿದರು. ನನ್ನ ಎದೆ ಉಬ್ಬಿತು. ಸಂಜೆ ಮೆಲ್ಲಗೆ ಗುಟ್ಟು ಹೇಳಿದರಾಯಿತು ಎಂದು ಮಾತು ಕೂಡ ಹೊಂದಿಸಿಕೊಂಡೆ.

ಮೂರನೇ ಸುತ್ತು. ಬೋಟು ಗಾಳಿಗೆ ಎದುರಾಗಿ ನಮ್ಮ ಕಡೆಗೇ ನೇರ ಬರುತ್ತಿತ್ತು. ಅಷ್ಟರಲ್ಲಿ ಹಸಿರು ಬೋಟೂ ಪಕ್ಕಕ್ಕೆ ಬಂದಿತ್ತು. ಇದ್ದಕ್ಕಿದ್ದಂತೆ ಕೆಂಪು ಮೂತಿ ಎದ್ದಿತು. ಇನ್ನೂ ಎದ್ದಿತು. ಹೊಟ್ಟೆ ಕಂಡಿತು. ಬಾಲದ ಮೇಲೆ ನಿಂತು, ಗಾಳಿಯಲ್ಲೇ ಮಗುಚಿ, ಬೆನ್ನಡಿಯಾಗಿ ನೀರಿಗೆ ಬಡಿಯಿತು. ಎಮ್ಮೆಗಳೂ ತಿರುಗಿ ನೋಡಿದವು.

ಟ್ಯೂಬಿನ ಮೇಲೆ ಹೋಗಿ ಬೋಟು ತಂದವರು ದಸ್ತಗೀರ್. ತಲೆಯವರೆಗೂ ತೊಯ್ದು, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು. ಅವರು ದಂಡೆ ಹತ್ತುವ ಮೊದಲೇ ಮಹದೇವಪ್ಪನವರು ಶುರು ಮಾಡಿದ್ದರು.

"ನೀ ನಡುವ ನುಗ್ಗಿದಿ. ನಿನ್ನ ತೆರಿ ಬಡದ ನನ್ನ ಬೋಟ್ ಎದ್ದೈತಿ."

"ನಾ ನನ್ನ ದಾರಿ ಹಿಡದ ಬರಾಕತ್ತಿದ್ನಿ ಮಾದೇವಣ್ಣ."

"ನಾ ಏನ್ ಕುರುಡ ಅದೇನೇನು?" ಅವರು ಮುಚ್ಚಳ ತೆಗೆದರು. ಒಳಗೆ ನೀರು. ಗೆರೆಯಿಂದ ಎರಡು ಬೆರಳು ಹಿಂದೆ ಬ್ಯಾಟರಿ. "ನೋಡಿಲ್ಲೆ! ಏಟಿನ ರಭಸಕ್ಕ ಬ್ಯಾಟರಿ ಸುದ್ದಾ ಸರದೈತಿ. ಹೌದಲ್ರಿ ಬೀಗರ? ನಿಮ್ಮ ಸಬ್ಜೆಕ್ಟ್ ಇದು, ಹೇಳ್ರಿ."

ಇಂಥ ಅದೃಷ್ಟ ಯಾವ ಅಪರಾಧಿಗೆ ಸಿಗುತ್ತದೆ? ಕಳ್ಳನನ್ನೇ ಪಂಚನಾಮೆಗೆ ಕರೆದಿದ್ದರು.

"ಸರದಿರಬಹುದ್ರಿ" ಎಂದೆ.

ದಸ್ತಗೀರ್ ಜಗಳ ಮಾಡಿದ್ದರೆ ನಾನು ಇವತ್ತಿಗೂ ಬಾಯಿ ಬಿಡುತ್ತಿರಲಿಲ್ಲ, ನಿಜ ಹೇಳುತ್ತೇನೆ. ಆದರೆ ಅವರು ನನ್ನನ್ನು ನೋಡಿದರು, ಬೋಟನ್ನು ನೋಡಿದರು, ತಲೆ ತಗ್ಗಿಸಿದರು. "ಮಾಸ್ತರ ಹೇಳಾಕತ್ತಾರಂದ್ರ ಹಂಗ ಇರಬೇಕು. ನನ್ನ ತೆರಿನ ಬಡದಿರಬೇಕು. ತಪ್ಪಾತು ಮಾದೇವಣ್ಣ."

"ತಪ್ಪಾತಂದ್ರ ಮುಗೀತೇನು? ಇನ್ನ ನಿನ್ನ ಜೋಡಿ ಬೋಟ್ ಬಿಡಂಗಿಲ್ಲ ನಾ."

ದಸ್ತಗೀರ್ ತಮ್ಮ ಹಸಿರು ಬೋಟನ್ನು ಟವೆಲಿನಲ್ಲಿ ಸುತ್ತತೊಡಗಿದರು. ಮೈಯಿಂದ ನೀರು ಸುರಿಯುತ್ತಿತ್ತು. ಮೈ ಒರೆಸಿಕೊಳ್ಳಬೇಕಾದ ಟವೆಲಿನಲ್ಲಿ ಬೋಟು ಸುತ್ತುತ್ತಿದ್ದರು.

"ಬ್ಯಾಟರಿ ಸರಸಿದ್ದು ನಾನ್ರಿ" ಎಂದೆ.

ಇಬ್ಬರೂ ನನ್ನತ್ತ ತಿರುಗಿದರು.

"ನೀವು ಡಬ್ಬಿ ಬಿಡಾಕ ಹೋದಾಗ. ಮೂತಿ ತಗ್ಗೈತಿ ಅನಸ್ತು. ಇವರದೇನೂ ತಪ್ಪಿಲ್ರಿ. ನನಗ ಈ ಬೋಟಿನ ಬಗ್ಗೆ ಏನೂ ಗೊತ್ತಿಲ್ರಿ."

ಮಹದೇವಪ್ಪನವರು ಬ್ಯಾಟರಿಯನ್ನೂ ಪೆನ್ಸಿಲ್ ಗೆರೆಯನ್ನೂ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟ್ ಸರಸಿದ್ರಿ?"

"ಎರಡ್ ಬಟ್ಟು."

"ಎರಡ್ ಬಟ್ಟು!" ಅವರು ದಂಡೆಯ ಕಲ್ಲಿನ ಮೇಲೆ ಕುಳಿತೇಬಿಟ್ಟರು. "ಒಂದು ಎಳಿ ಸರಸಬೇಕಂದ್ರ ನಾ ಎರಡು ದಿನ ವಿಚಾರ ಮಾಡ್ತೇನ್ರಿ."

ನಂತರ ಎದ್ದು ದಸ್ತಗೀರ್ ಬಳಿಗೆ ಹೋಗಿ, ಬೋಟಿಗೆ ಸುತ್ತಿದ ಟವೆಲ್ ಬಿಚ್ಚಿ ಅವರ ಕೈಗೆ ಕೊಟ್ಟರು. "ಲೇ, ಮೊದ್ಲ ತಲಿ ಒರಸ್ಕೋ. ನೆಗಡಿ ಆಗತೈತಿ." ಕ್ಷಮೆ ಕೇಳಿದ್ದು ಅಷ್ಟೇ. ದಸ್ತಗೀರ್ ತಲೆ ಒರೆಸಿಕೊಂಡರು. ಅವರಿಬ್ಬರದು ಅಲ್ಲಿಗೆ ಮುಗಿಯಿತು.

ನನ್ನದು ಮುಗಿಯಲಿಲ್ಲ. ಹಂಸಭಾವಿಯಿಂದ ಹಾನಗಲ್‌ವರೆಗೆ ಮಹದೇವಪ್ಪನವರ ಹಳೆಯ ವ್ಯಾನಿನಲ್ಲಿ ಬಂದೆವು. ಮನೆ ಮುಂದೆ ಇಳಿಸಿ "ಬರ್ತೇನ್ರಿ" ಎಂದರು. ನಿಶ್ಚಯದ ದಿನ? ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಗಿರಿಜಾ ಎಲ್ಲ ಕೇಳಿಸಿಕೊಂಡು ಪಾತ್ರೆ ತೊಳೆಯಲು ಹೋದಳು. ಪಾತ್ರೆಗಳ ಸಪ್ಪಳದಲ್ಲೇ ಉತ್ತರವಿತ್ತು. ಮಗಳಿಗೆ ಫೋನಿನಲ್ಲಿ ಹೇಳಿದೆ. ಎರಡು ಸಲ ಹೇಳಿಸಿಕೊಂಡಳು. ಆಮೇಲೆ, "ಅಪ್ಪಾ, ನಾ ಹೇಳಿದ್ದು ಒಂದೇ ಮಾತು. ಒಂದೇ." ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾಲ್ಕು ದಿನ ಸವಣೂರಿನಿಂದ ಸುದ್ದಿಯಿಲ್ಲ. ತನ್ನ ಅಪ್ಪ ಅಂಗಡಿಯಲ್ಲಿ ಬೋಟು ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಾರೆ ಎಂದು ಪ್ರಕಾಶ ಬಸ್ಸಿನಲ್ಲಿ ವೀಣಾಗೆ ಹೇಳಿದನಂತೆ. ಆ ನಾಲ್ಕು ದಿನ ನಾನು ಯೋಚಿಸಿದೆ. ಬೇರೆಯವರು ಸರಿಯಾಗಿಟ್ಟದ್ದನ್ನು ಸರಿಮಾಡುವ ಈ ಚಟ ನಮಗೆ ಎಲ್ಲಿಂದ ಬರುತ್ತದೆ? ಸೊಸೆ ರೊಟ್ಟಿ ತಟ್ಟುತ್ತಿದ್ದರೆ "ಹಿಂಗಲ್ಲ, ಇಲ್ಲಿ ಕೊಡು" ಅನ್ನುತ್ತೇವೆ. ಡ್ರೈವರ್ ಪಕ್ಕದಲ್ಲಿ ಕುಳಿತು ಇಲ್ಲದ ಬ್ರೇಕು ತುಳಿಯುತ್ತೇವೆ. ಪಕ್ಕದ ಮನೆಯವರ ಮಗುವಿಗೆ ಪೆನ್ಸಿಲ್ ಯಾವ ಕೈಯಲ್ಲಿ ಹಿಡಿಯಬೇಕೆಂದು ಹೇಳಿಕೊಡುತ್ತೇವೆ. ಅವರು ಒಂದು ಮಳೆಗಾಲ ಕೂತು ಹುಡುಕಿದ ಗೆರೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನಾವು ಅರ್ಧ ನಿಮಿಷ ಬಗ್ಗಿ ನೋಡಿದ್ದೇ ದೊಡ್ಡದು. ಮೂವತ್ತೊಂದು ವರ್ಷ ಕೆಂಪು ಪೆನ್ನು ಹಿಡಿದ ಕೈ ಬೇರೆ. ಸುಮ್ಮನಿರು ಅಂದರೆ ಅದಕ್ಕೆ ಅರ್ಥವಾಗುವುದಿಲ್ಲ.

ಐದನೇ ದಿನ ಮಧ್ಯಾಹ್ನ ಬಾಗಿಲಲ್ಲಿ ಮಹದೇವಪ್ಪ! ಕೈಯಲ್ಲಿ ಸವಣೂರಿನ ವೀಳ್ಯದೆಲೆಯ ಕಟ್ಟು, ತೆಂಗಿನಕಾಯಿ. ಕುಳಿತವರೇ, "ಬೀಗರ, ನಾನೂ ದಸ್ತಗೀರನೂ ಮತ್ತ ಹೋಗಿದ್ವಿ. ಬ್ಯಾಟರಿ ಅರ್ಧ ಬಟ್ಟು ಹಿಂದಿಟ್ಟು ಓಡಿಸಿದ್ವಿ. ಖರೇನ ಜೋರ್ ಹೋಗತೈತ್ರಿ. ಹಾರಂಗಿಲ್ಲ."

"ಅಂದ್ರ ನಾ ಮಾಡಿದ್ದು ಸರಿ ಇತ್ತೇನ್ರಿ?" ಎಂದೆ. ಅಡುಗೆಮನೆಯಿಂದ ಗಿರಿಜಾ ಜೋರಾಗಿ ಕೆಮ್ಮಿದಳು.

"ನಿಮ್ಮ ದಾರಿ ಸರಿ. ಅಳತಿ ತಪ್ಪು." ಅವರು ಎಲೆಯ ಕಟ್ಟನ್ನು ನನ್ನ ಮುಂದೆ ಸರಿಸಿದರು. "ಬೋಟ್ ಇನ್ನೊಂದು ಮಾಡಬಹುದ್ರಿ. ತನಗ ನಷ್ಟ ಆದ್ರೂ ಖರೇ ಹೇಳೂ ಬೀಗರ್ನ ಎಲ್ಲಿಂದ ತರೂದು? ದಿನ ನೋಡೂಣು. ಆದ್ರ ರೇಸಿಗೆ ಮಾತ್ರ ನಿಮ್ಮನ್ನ ಕರಿಯಂಗಿಲ್ಲ."

ಗಿರಿಜಾ ಸಕ್ಕರೆ ತಂದಳು. ಮಗಳಿಗೆ ಫೋನು ಹೋಯಿತು. ಎಲ್ಲ ಮುಗಿದು ಚಹಾ ಕುಡಿಯುವಾಗ ಬೀಗರು ತಲೆ ಎತ್ತಿ ನಮ್ಮ ಫ್ಯಾನು ನೋಡಿದರು.

"ಇದ್ಯಾಕ ಇಷ್ಟ್ ಸಾವಕಾಶ ತಿರಗಾಕತ್ತೈತಿ?"

"ನಮಗ ಅಷ್ಟ ಗಾಳಿ ಸಾಕ್ರಿ" ಎಂದೆ. ಅಷ್ಟರಲ್ಲಿ ಅವರು ಸ್ಟೂಲು ಎಳೆದುಕೊಂಡಾಗಿತ್ತು. ಅಂಗಿಯ ಜೇಬಿನಿಂದ ಸ್ಕ್ರೂಡ್ರೈವರ್ ಬಂತು. ನಾನು ಬಾಯಿ ತೆರೆದೆ. ಗಿರಿಜಾ ನನ್ನನ್ನೇ ನೋಡಿದಳು. ಮುಚ್ಚಿಕೊಂಡೆ. ಅರ್ಧ ಗಂಟೆ ವೈರು ಬಿಚ್ಚಿ, ಕಟ್ಟಿ, ಸ್ವಿಚ್ ಹಾಕಿ, "ಈಗ ನೋಡ್ರಿ ಹೆಂಗ ತಿರಗತೈತಿ!" ಎಂದು ಖುಷಿಯಿಂದ ಸವಣೂರಿಗೆ ಹೊರಟರು.

ಫ್ಯಾನು ನಿಜಕ್ಕೂ ಭರ್ರನೆ ತಿರುಗುತ್ತಿದೆ. ಆದರೆ ಉಲ್ಟಾ. ಇದ್ದ ಗಾಳಿಯೆಲ್ಲ ಮಾಳಿಗೆಗೆ ಹೋಗುತ್ತಿದೆ, ಕೆಳಗೆ ನಾವಿಬ್ಬರೂ ರಟ್ಟಿನಿಂದ ಬೀಸಿಕೊಳ್ಳುತ್ತ ಕುಳಿತಿದ್ದೇವೆ.

ಮೂವತ್ತು ವರ್ಷ ಮೋಟರ್ ಸುತ್ತಿದ ಬೀಗರಿಗೆ, ನಿಶ್ಚಯಕ್ಕೆ ಹತ್ತು ದಿನ ಇರುವಾಗ, ಇದನ್ನು ಹೇಳುವವರು ಯಾರು?