ಹೆಡ್‌ಲೈಟು ಒಣಗಿಸಿದ ಕಾಕಾ

ಕಾಕಾನ ಬಲಗೈ ಹೆಬ್ಬೆರಳಿನ ಉಗುರು ಉಳಿದೆಲ್ಲ ಉಗುರುಗಳಿಗಿಂತ ಅರ್ಧ ಇಂಚು ಉದ್ದವಾಗಿತ್ತು. ದಪ್ಪ, ಹಳದಿ, ಒಂದು ಬದಿಗೆ ಸವೆದ ಉಗುರು. ಕಾರಿನ ಹೆಡ್‌ಲೈಟಿನ ಹಿಂದಿರುವ ರಬ್ಬರ್ ಟೊಪ್ಪಿಗೆ ಬಿಡಿಸುವುದಕ್ಕೆ, ಬಲ್ಬನ್ನು ಹಿಡಿದಿಟ್ಟ ತಂತಿಯ ಕೊಕ್ಕೆ ಎತ್ತುವುದಕ್ಕೆ ಅವರಿಗೆ ಅದೊಂದೇ ಸಾಕಿತ್ತು. “ಸ್ಕ್ರೂಡ್ರೈವರ್ ಹಾಕಿದ್ರ ಪ್ಲಾಸ್ಟಿಕ್ಕಿಗೆ ಗಾಯ ಆಗತೈತಿ. ಎಷ್ಟು ಒತ್ತಬೇಕು ಅನ್ನೂದು ಉಗರಿಗೆ ತಿಳಿತೈತಿ” ಎನ್ನುತ್ತಿದ್ದರು. ಅವರ ಹೆಂಡತಿ, ನಮ್ಮೆಲ್ಲರ ಕಾಕು, “ಆ ಉಗರು ತಗಿಯೂತನಕ ನನ್ನ ಹಿಟ್ಟಿನ ಡಬ್ಬಿ ಮುಟ್ಟಬ್ಯಾಡ್ರಿ” ಎಂದು ಗದರುತ್ತಿದ್ದರು. ಉಗುರೂ ಹೋಗಲಿಲ್ಲ, ಗದರಿಕೆಯೂ ನಿಲ್ಲಲಿಲ್ಲ.

ಸ್ವಂತ ಕಾಕಾ ಅಲ್ಲ. ಚಿಕ್ಕೋಡಿಯಲ್ಲಿ ನಮ್ಮ ಪಕ್ಕದ ಮನೆಯವರು, ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದವರು. ಅಪ್ಪ ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ನಾನು, ಅವ್ವ ಇಬ್ಬರೇ. ನೆಂಟರೆಲ್ಲ ದಿವಸದ ಊಟ ಮುಗಿಸಿ ಕೈ ತೊಳೆದುಕೊಂಡು ಹೋದರು. ಕಾಕಾ ಮರುದಿನ ಬಂದು ನಮ್ಮ ಮೀಟರ್ ಬೋರ್ಡು ಬಿಚ್ಚಿ, ಸುಟ್ಟುಹೋಗಿದ್ದ ವೈರು ಬದಲಿಸಿದರು. “ವೈನಿ, ಗಂಡಸರಿಲ್ಲದ ಮನಿ ಅಂತ ಯಾರರ ಅಂದ್ರ ನನ್ನ ಕಡೆ ಕಳಸ್ರಿ” ಎಂದು ಅವ್ವನಿಗೆ ಹೇಳಿದರು. ಆ ಒಂದು ಮಾತಿನ ಮೇಲೆ ನಾವು ವರ್ಷಗಟ್ಟಲೆ ನಿಶ್ಚಿಂತರಾಗಿ ಮಲಗಿದೆವು. ಅದನ್ನು ಇಂದಿಗೂ ಇಲ್ಲವೆನ್ನಲಾರೆ.

ನನಗೆ ಪಾಲಬಾವಿ ಕಡೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಎರಡು ಬಸ್ಸು ಬದಲಿಸಿ ಹೋಗಬೇಕು. ಮಳೆಗಾಲದಲ್ಲಿ ಎರಡರಲ್ಲಿ ಒಂದು ಬರುತ್ತಲೇ ಇರಲಿಲ್ಲ. “ಗಾಡಿ ತಗೋಬೇ, ನಾ ಕಲಸತೀನಿ” ಎಂದವರು ಕಾಕಾನೇ. ಒಬ್ಬ ಹೆಂಗಸು ಸ್ಟೇರಿಂಗ್ ಹಿಡಿದರೆ ಇಡೀ ಓಣಿ ಬಾಗಿಲಿಗೆ ಬರುತ್ತಿದ್ದ ಕಾಲ ಅದು. ಗೆಳೆಯರೊಬ್ಬರ ಹಳೆಯ ಜೀಪು ತಂದು, ಎಪಿಎಂಸಿ ಬಯಲಿನಲ್ಲಿ ನನ್ನ ಪಕ್ಕ ಕೂತು ಕಲಿಸಿದರು. “ಬಾಯಾರ, ಹಲಗಿ ಮ್ಯಾಲ ಲೆಕ್ಕಾ ತಪ್ಪಿದ್ರ ಅಳಸಬಹುದು. ಇಲ್ಲಿ ಅಳಸಾಕ ಬರಾಂಗಿಲ್ಲ ನೋಡ್ರಿ” ಎಂದು, ಶಾಲೆಯ ಮಕ್ಕಳು ಕರೆಯುವ ಹೆಸರಿನಿಂದಲೇ ನನ್ನನ್ನು ಕಿಚಾಯಿಸುತ್ತಿದ್ದರು.

ಆ ವರ್ಷ ಮಳೆಗಾಲದಲ್ಲಿ ಕೃಷ್ಣಾ ಹೊಳೆ ಊರುಗಳೊಳಗೆ ಬಂತು. ಕಾಕಾನ ಒಬ್ಬಳೇ ಮಗಳನ್ನು ಕೊಟ್ಟದ್ದು ಅಥಣಿ ತಾಲ್ಲೂಕಿನ ಸತ್ತಿ ಎಂಬ ಊರಿಗೆ, ಹೊಳೆದಂಡೆಯ ಮನೆಗೆ. ಆ ಮನೆ ನೀರಿನಲ್ಲಿ ನಿಂತಿತು. ಕಾಕಾ ವಾರಗಟ್ಟಲೆ ಅಲ್ಲೇ ಇದ್ದರು. ನಮ್ಮವ್ವ ಎರಡು ಕೌದಿ, ಒಂದು ಚೀಲ ಜೋಳದ ಹಿಟ್ಟು ಕಳಿಸಿದಳು. ದೀಪಾವಳಿ ಹೊತ್ತಿಗೆ ಕಾಕಾ ಒಂದು ದಿನ ಬಂದು, “ನಿಪ್ಪಾಣಿಯಾಗ ಒಂದು ಕಾರು ಐತಿ. ಸಾಹೇಬ್ರೊಬ್ರದು, ವರ್ಗಾ ಆಗೇತಿ, ಕೊಟ್ಟು ಹೊಂಟಾರ. ಓಡಿದ್ದು ಕಡಿಮಿ” ಎಂದರು. ಕಾಗದಪತ್ರವೂ ನಿಪ್ಪಾಣಿಯವರೊಬ್ಬರ ಹೆಸರಿನಲ್ಲೇ ಇತ್ತು. ಬಿಳಿಯ ಸಣ್ಣ ಕಾರು, ಒಳಗೆಲ್ಲ ಊದುಬತ್ತಿಯ ವಾಸನೆ.

ಅವ್ವ ಹಳೆಯ ಕಾಲದವಳು. ಚಿಂಚಲಿ ಮಾಯಕ್ಕನ ಭಂಡಾರದ ಡಬ್ಬಿ ನಮ್ಮ ದೇವರ ಜಗಲಿಯ ಮೇಲೆ ಯಾವಾಗಲೂ ಇರುತ್ತಿತ್ತು. ಭಂಡಾರ ಎಂದರೆ ದೇವಿಯ ಅರಿಶಿಣ. ನಮ್ಮ ಕಡೆ ಅದನ್ನು ಮುಟ್ಟಿದವರು ಸುಳ್ಳು ಹೇಳುವುದಿಲ್ಲ. ಎಮ್ಮೆ ಮಾರುವವರಿಂದ ಹಿಡಿದು ಹೊಲದ ಬದುವಿನ ಜಗಳದವರೆಗೆ ಅದೇ ಕೋರ್ಟು. “ಗಾಡಿಯಾಗ ಏನೂ ಐಬಿಲ್ಲಂತ ಭಂಡಾರ ಮುಟ್ಟಿ ಹೇಳಸ್ರಿ ಆ ಸಾಹೇಬ್ರಿಗೆ” ಎಂದಳು ಅವ್ವ. ಕಾಕಾ ನಕ್ಕರು. “ನಡುವ ನಾ ಅದೀನಲ್ಲ ವೈನಿ, ಭಂಡಾರ ಯಾಕ್ರಿ?” ನನಗೂ ನಾಚಿಕೆಯಾಯಿತು. ಗಣಿತದ ಬಾಯಾರ ಮನೆಯಲ್ಲಿ ಇಂಥದ್ದೇ ಎಂದು ಅವ್ವನ ಮೇಲೆ ರೇಗಿದೆ. ಬೇರೆ ಮೆಕ್ಯಾನಿಕ್ಕಿಗೆ ಒಮ್ಮೆ ತೋರಿಸೋಣವೆಂಬ ವಿಚಾರ ಕೂಡ ಬರಲಿಲ್ಲ. ಮನೆಯವರು ಗಾಡಿ ಕೊಡಿಸುವಾಗ ಹೊರಗಿನವನನ್ನು ಕರೆತಂದರೆ ಅದು ಮನೆಯವರ ಮುಖಕ್ಕೆ ಹೊಡೆದಂತೆ. ಹಗಲು ಕಂಡ ಬಾವಿಗೆ ಇರುಳಲ್ಲಿ ಬೀಳುತ್ತಾರಂತೆ. ನಾನು ಹಗಲೇ ಬಿದ್ದೆ.

ಮುಂದಿನ ಮಳೆಗಾಲಕ್ಕೆ ಬಲಗಡೆಯ ಹೆಡ್‌ಲೈಟಿನ ಗಾಜಿನೊಳಗೆ ಬೆವರು ಕಟ್ಟಿತು. ಬೆಳಿಗ್ಗೆ ಮಂಜು, ಮಧ್ಯಾಹ್ನ ಹನಿ, ಸಂಜೆ ಬೆಳಕು ಬರೀ ಹಳದಿ ಕಲೆ. ಕಾಕಾ ಬಂದರು, ಉಗುರಿನಿಂದ ಟೊಪ್ಪಿಗೆ ಬಿಚ್ಚಿದರು, ಪಾಠ ಶುರುವಾಯಿತು. ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು, ಬೆರಳಿನ ಜಿಡ್ಡು ಹತ್ತಿದರೆ ಬಲ್ಬು ಬೇಗ ಸುಡುತ್ತದೆ. ಲೈಟಿನ ಬೆನ್ನಿಗೆ ಕಿರುಬೆರಳಿನಷ್ಟು ಒಂದು ರಬ್ಬರ್ ನಳಿಗೆ ಇರುತ್ತದೆ, ಅದರೊಳಗೆ ಮಣ್ಣು ತುಂಬಿದ್ದರೆ ಕಡ್ಡಿ ಹಾಕಿ ತೆಗೆಯಬೇಕು. “ಮಂದಿ ಏನ ಮಾಡತಾರ, ನೀರ ಬಂತಂದ ಕೂಡ್ಲೆ ಕಂಡಕಂಡ ತೂತಿಗೆಲ್ಲ ಎಂ-ಸೀಲ್ ಬಡಿತಾರ. ಗಾಳಿ ಆಡಲಿಲ್ಲಂದ್ರ ಒಣಗೂದರ ಹೆಂಗ?” ಎನ್ನುತ್ತಿದ್ದರು. ಆಮೇಲೆ ಲೈಟನ್ನು ಬಿಸಿಲಿಗೆ ಇಡಬೇಕು. ನಮ್ಮ ಮಾಳಿಗೆಯ ಮೇಲೆ ಅವ್ವನ ಶಾವಿಗೆಯ ಪಕ್ಕದಲ್ಲಿ ನನ್ನ ಹೆಡ್‌ಲೈಟು ಮಲಗಿರುತ್ತಿತ್ತು. ಬಿಸಿಲು ಬೀಳದ ದಿನ ಬ್ಯೂಟಿ ಪಾರ್ಲರಿನವಳ ಹತ್ತಿರ ಕೂದಲು ಒಣಗಿಸುವ ಮಶೀನು ಬೇಡಿ ತರುತ್ತಿದ್ದರು. ತಲೆಯಲ್ಲಿ ನಾಲ್ಕು ಕೂದಲಿಲ್ಲದ ಮುದುಕ ಅದನ್ನು ಕೈಯಲ್ಲಿ ಹಿಡಿದು ಪೇಟೆಯೊಳಗೆ ಬರುವುದನ್ನು ನೋಡಿ ಕಾಕು ಹಣೆ ಬಡಿದುಕೊಳ್ಳುತ್ತಿದ್ದರು.

ಬೂಟಿನ ಅಂಗಡಿಗಳಿಗೆ ಹೋಗಿ, ಡಬ್ಬಿಯೊಳಗಿನ, ತೇವ ಹೀರುವ ಬಿಳಿ ಹರಳಿನ ಪುಡಿಕೆಗಳನ್ನು ಕೇಳಿ ತರುವುದು ಅವರ ಇನ್ನೊಂದು ಚಟ. ಹರಳುಗಳನ್ನು ತವೆಯ ಮೇಲೆ ಸಣ್ಣ ಉರಿಯಲ್ಲಿ ಹುರಿದು, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಬಲ್ಬು ತೆಗೆದ ಬಾಯಿಯಿಂದ ಲೈಟಿನೊಳಗೆ ಇಳಿಬಿಟ್ಟು ಒಂದು ದಿನ ಇಟ್ಟರೆ ಗಾಜು ತಿಳಿಯಾಗುತ್ತಿತ್ತು. ಕಡೆಗೆ ವೈರಿನ ಜೋಡಣೆಗೆ ಟೇಪು ಸುತ್ತಿ, ಅದರ ಮೇಲೆ ಚಪ್ಪಲಿ ಹೊಲಿಯುವ ಮೇಣದ ದಾರ ಬಿಗಿದು, ಎರಡು ಸಲ ತಿರುವಿ ಒಂದು ಗಂಟು ಹಾಕುತ್ತಿದ್ದರು. ಆ ಗಂಟು ನನಗೆ ಎಷ್ಟು ಸಲ ಹೇಳಿಕೊಟ್ಟರೂ ಬರಲಿಲ್ಲ. “ನಿನ್ನ ಗಣಿತ ಇಲ್ಲಿ ನಡಿಯಾಂಗಿಲ್ಲಬೇ” ಎಂದು ನಗುತ್ತಿದ್ದರು.

ಒಂದು ಕೆಲಸ ಮಾತ್ರ ಅವರು ನನಗೆ ತೋರಿಸಲಿಲ್ಲ. ಗಾಜಿನ ಕೆಳಗಡೆ ವರ್ಷವರ್ಷ ಒಂದು ಕಂದು ಪೊರೆ ಕೂರುತ್ತಿತ್ತು. ಆಗ ಗಾಜನ್ನು ಅಂಟಿಸಿದ ಗಮ್ಮನ್ನು ಬಿಸಿ ಮಾಡಿ ಇಡೀ ಗಾಜು ಬಿಡಿಸಿ ತೊಳೆಯಬೇಕು. “ಕೈ ಸುಟ್ಕೋತಿ, ನಾ ಮನಿಯಾಗ ಮಾಡ್ತೀನಿ” ಎಂದು ಲೈಟನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಏನದು ಎಂದು ಕೇಳಿದರೆ, “ರಸ್ತೆ ಧೂಳು” ಎನ್ನುತ್ತಿದ್ದರು. ಕರೆಯುವ ಮೊದಲೇ ಬರುತ್ತಾರೆ, ಹೆತ್ತ ತಂದೆಯೂ ಇಷ್ಟು ನೋಡುವುದಿಲ್ಲ ಎಂದು ನಾನು ಸ್ಟಾಫ್‌ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಮೂರನೆಯ ವರ್ಷದ ಚಳಿಗಾಲ. ಅವ್ವನ ಕಣ್ಣು ತೋರಿಸಲು ನಸುಕಿನಲ್ಲಿ ಮಿರಜಿಗೆ ಹೊರಟಿದ್ದೆವು. ಕಾಗವಾಡದ ಹತ್ತಿರ ದಟ್ಟ ಮಂಜು. ಇದ್ದಕ್ಕಿದ್ದಂತೆ ಎರಡೂ ಲೈಟು ಆರಿದವು, ಸುಟ್ಟ ವಾಸನೆ ಬಂತು, ಎಂಜಿನ್ನೂ ನಿಂತಿತು. ರಸ್ತೆಯ ನಟ್ಟನಡುವೆ ನಾವು, ಹಿಂದಿನಿಂದ ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು. ಅದರ ಚಾಲಕ ಹೊಲಕ್ಕೆ ಇಳಿಸಿದ್ದರಿಂದ ನಾವು ಉಳಿದೆವು. ಟ್ರೇಲರಿನ ಮೂಲೆ ತಾಗಿದ ಹೊಡೆತಕ್ಕೆ ಅವ್ವನ ಹಣೆ ಮುಂದಕ್ಕೆ ಬಡಿದು ರಕ್ತ ಬಂತು. ಕಣ್ಣು ಮೊದಲೇ ಮಬ್ಬು. ಏನಾಯಿತೆಂದು ತಿಳಿಯದೆ ಅವ್ವ ನನ್ನ ಸೆರಗು ಗಟ್ಟಿಯಾಗಿ ಹಿಡಿದುಕೊಂಡಳು.

ಬೆಳಕು ಹರಿದ ಮೇಲೆ ಕಾಗವಾಡದ ಮೆಕ್ಯಾನಿಕ್ ಒಬ್ಬನು ಗಾಡಿ ಎಳೆಸಿಕೊಂಡು ಹೋದ. ಅವ್ವನ ಹಣೆಗೆ ಪಟ್ಟಿ ಹಾಕಿಸಿಕೊಂಡು ನಾವು ಅವನ ಗ್ಯಾರೇಜಿಗೆ ಹೋದಾಗ ಸ್ಟೇರಿಂಗಿನ ಕೆಳಗಿನ ಹಲಗೆ ಬಿಚ್ಚಿಟ್ಟಿದ್ದ. “ಪುರಾತ ಬುಡಾಲೇಲಿ ಗಾಡಿ” ಎಂದು ಮರಾಠಿಯಲ್ಲಿ ತನಗೆ ತಾನೇ ಗೊಣಗಿ, ನನ್ನ ಕಡೆ ತಿರುಗಿದ. “ಅಕ್ಕಾರ, ಈ ಗಾಡಿ ಹೊಳಿ ನೀರಾಗ ನಿಂತಿದ್ದೈತ್ರಿ. ವೈರೆಲ್ಲ ಒಳಗಿಂದ ಕೊಳತಾವ. ಇಲ್ಲಿ ನೋಡ್ರಿ.” ಅವನ ಬೆರಳ ಮೇಲೆ ನಯವಾದ ಕಂದು ಮಣ್ಣು. ಹೆಡ್‌ಲೈಟಿನ ಗಾಜಿನಲ್ಲಿ ವರ್ಷವರ್ಷ ಕೂರುತ್ತಿದ್ದದ್ದು ಅದೇ ಮಣ್ಣು. ಈ ಸೀಮೆಯಲ್ಲೇ ಬೆಳೆದವಳಿಗೆ ಹೊಳೆಯ ಮಣ್ಣು ಯಾವುದು, ರಸ್ತೆಯ ಧೂಳು ಯಾವುದು ಎಂದು ಗೊತ್ತಾಗಲು ಮೂರು ವರ್ಷ ಬೇಕಾಯಿತಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ಯಾರೋ ಭಾರೀ ಕೈಗಾರ ತೊಳದು, ಮತ್ತ ಜೋಡಸ್ಯಾನ್ರಿ. ಗೊತ್ತ ಆಗದಂಗ ಮಾಡ್ಯಾನ” ಎಂದ ಮೆಕ್ಯಾನಿಕ್. ಬಗ್ಗಿ ನೋಡಿದೆ. ಗಾಡಿ ನನ್ನ ಕೈಗೆ ಬಂದ ಮೇಲೆ ಒಮ್ಮೆಯೂ ಬಿಚ್ಚಿರದ ಆ ಹಲಗೆಯ ಹಿಂದೆ, ಮಣ್ಣು ಹಿಡಿದ ವೈರುಗಳ ಜೋಡಣೆಯ ಮೇಲೆ ಮೇಣದ ದಾರವಿತ್ತು. ಎರಡು ಸಲ ತಿರುವಿ ಹಾಕಿದ ಗಂಟು.

ಮನೆಗೆ ಬಂದವಳು ನೀರು ಕೂಡ ಕುಡಿಯಲಿಲ್ಲ. ಜಗಲಿಯಿಂದ ಭಂಡಾರದ ಡಬ್ಬಿ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ದೇವರ ಮೇಲೆ ಅಷ್ಟೇನೂ ನಂಬಿಕೆಯಿಲ್ಲದವಳು ನಾನು. ಆದರೆ ಅವರಿಗೆ ಇತ್ತು ಎಂದು ಗೊತ್ತಿತ್ತು. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದಿಟ್ಟೆ.

“ಇದನ್ನ ಮುಟ್ಟಿ ಹೇಳ್ರಿ ಕಾಕಾ, ನಿಮಗ ಗೊತ್ತಿರಲಿಲ್ಲಂತ.”

ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಬಲಗೈ ಸ್ವಲ್ಪ ಮೇಲೆದ್ದು, ಮತ್ತೆ ತೊಡೆಯ ಕೆಳಗೆ ಸರಿಯಿತು. “ಮುಟ್ಟಾಂಗಿಲ್ಲ ಮಗಳ” ಎಂದರು.

ಆಮೇಲೆ ಒಂದೊಂದಾಗಿ ಹೇಳಿದರು. ಕಾರು ಅಳಿಯನದು. ನಿಪ್ಪಾಣಿಯವರಿಂದ ಕೊಂಡು ಎರಡೇ ತಿಂಗಳಾಗಿತ್ತು, ಹೆಸರು ಕೂಡ ಬದಲಿಸಿರಲಿಲ್ಲ, ಅಷ್ಟರಲ್ಲಿ ಹೊಳೆ ಬಂತು. “ಮನಿ ಗ್ವಾಡಿ ಬಿದ್ದಿತ್ತು. ಹುಡುಗಿ ಸಾಲಿ ಕಟ್ಟಿ ಮ್ಯಾಲ ಕೂಸಿನ್ನ ಹಾಕ್ಕೊಂಡು ಮಲಗತಿದ್ಳು. ಮಾರಾಕ ಉಳದಿದ್ದು ಅದೊಂದ ಇತ್ತು.”

“ಮತ್ಯಾರಿಗರ ಮಾರಬೇಕಿತ್ತಲ್ಲ? ನಾನಽ ಬೇಕಾಗಿತ್ತೇನ್ರಿ?”

“ಬ್ಯಾರೇದವ್ರು ಬಿಚ್ಚಿ ನೋಡತಿದ್ರು” ಎಂದರು ಕಾಕಾ. “ನೀ ನೋಡಾಂಗಿಲ್ಲಂತ ಗೊತ್ತಿತ್ತು. ಮ್ಯಾಲ, ನನ್ನ ಕಣ್ಮುಂದ ಇದ್ರ ನಾನಽ ರಿಪೇರಿ ಮಾಡ್ಕೋತ ಇರಬಹುದು ಅಂದ್ಕೊಂಡೆ.”

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಊರಿನಲ್ಲಿ ಅಷ್ಟು ಜನರಿದ್ದರು, ಅವರು ಆರಿಸಿಕೊಂಡದ್ದು ತಮ್ಮನ್ನು ನಂಬಿದವಳನ್ನು, ನಂಬಿದ್ದಾಳೆ ಎಂಬ ಕಾರಣಕ್ಕೇ. ಮಗಳ ಕಷ್ಟ ಹೇಳಿಕೊಂಡು ಗಾಡಿಯ ಸ್ಥಿತಿಯನ್ನೂ ಹೇಳಿದ್ದರೆ ನಾನು ಅದನ್ನೇ ಕೊಳ್ಳುತ್ತಿದ್ದೆನೋ ಏನೋ. ಆ ಅವಕಾಶವನ್ನೂ ಅವರು ನನಗೆ ಕೊಡಲಿಲ್ಲ. “ನಮ್ಮವ್ವ ಇವತ್ತ ಸಾಯತಿದ್ಳು” ಎಂದೆ. ಡಬ್ಬಿ ಮುಚ್ಚಿಕೊಂಡು ಬಂದೆ.

ಗಾಡಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿ ನಿಪ್ಪಾಣಿಯ ಗುಜರಿಯವನಿಗೆ ಹಾಕಿದೆ. ಮತ್ತೆ ಬಸ್ಸು ಹಿಡಿದೆ. ಕಾಕಾನ ಜೊತೆ ಮಾತು ಬಿಟ್ಟೆ. ನಾನು ಗೇಟು ತೆರೆದ ಸದ್ದಾದರೆ ಅವರು ಕಟ್ಟೆಯಿಂದ ಎದ್ದು ಒಳಗೆ ಹೋಗುತ್ತಿದ್ದರು. ಅವ್ವ ಮಾತ್ರ ಕಾಕುವಿನ ಜೊತೆ ಮೊದಲಿನಂತೆಯೇ ಇದ್ದಳು. “ಮಗಳ ಸಲುವಾಗಿ ಮಾಡ್ಯಾನ ಬಿಡವ್ವ” ಎಂದು ನನಗೆ ಎಷ್ಟೋ ಸಲ ಹೇಳಿದಳು. ನನ್ನನ್ನೂ ಮಗಳು ಎಂದೇ ಕರೆಯುತ್ತಿದ್ದರಲ್ಲ ಎಂದು ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಇಷ್ಟಾದರೂ ಶಾಲೆಯಲ್ಲಿ ಯಾರದ್ದಾದರೂ ಕಾರಿನ ಲೈಟಿನೊಳಗೆ ಮಂಜು ಕಟ್ಟಿದರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ನಳಿಗೆಯ ಮಣ್ಣು ತೆಗೆದು, ಹರಳು ಹುರಿದು, ಬಲ್ಬನ್ನು ಬಟ್ಟೆಯಲ್ಲಿ ಹಿಡಿದು ಕೂರಿಸಿ ಕೊಡುತ್ತಿದ್ದೆ. ಯಾರು ಕಲಿಸಿದರು ಎಂದು ಕೇಳಿದರೆ ಮಾತು ಹಾರಿಸುತ್ತಿದ್ದೆ.

ಹೀಗೆ ಏಳೆಂಟು ವರ್ಷ ಕಳೆಯಿತು. ಒಂದು ಬೇಸಿಗೆಯ ಮಧ್ಯಾಹ್ನ ಕಾಕಾ ಊಟಕ್ಕೆ ಕೂತವರು ಹಾಗೆಯೇ ಒರಗಿ ಹೋದರು. ಮಣ್ಣಿಗೆ ನಾನು ಹೋಗಲಿಲ್ಲ. ಮೂರನೆಯ ದಿನ ಅವ್ವ ಕೈ ಹಿಡಿದು ಎಳೆದುಕೊಂಡು ಹೋದಳು.

ಪಡಸಾಲೆಯಲ್ಲಿ ಹೆಂಗಸರು ಕೂತಿದ್ದರು. ಸತ್ತಿಯಿಂದ ಬಂದಿದ್ದ ಮಗಳು ನನ್ನನ್ನು ಕಂಡವಳೇ ಎದ್ದು ಬಂದು, ಬೇಡವೆನ್ನುವಷ್ಟರಲ್ಲಿ ಕಾಲಿಗೆ ಬಿದ್ದಳು.

“ಇಷ್ಟ ವರ್ಷ ನಿಮ್ಮ ಮುಂದ ಬಂದು ಮಾತಾಡಾಕ ಮಾರಿ ಇರಲಿಲ್ಲರಿ ಅಕ್ಕಾ. ನೀರಾಗ ನಿಂತ ಗಾಡಿ ಅಂತ ಗೊತ್ತಿದ್ದೂ ನಮ್ಮ ಸಲುವಾಗಿ ತಗೊಂಡ್ರಿ. ‘ಬ್ಯಾಡಬೇ ಅಂದ್ರೂ ಕೇಳಲಿಲ್ಲ, ನಿನ್ನ ಮನಿ ಏಳಲಿ ಅಂತ ತಗೊಂಡಾಳ’ ಅಂತ ಅಪ್ಪ ಸಾಯೂತನಕ ಹೇಳತಿದ್ರು. ಆಮ್ಯಾಲ ಗಟಾರದ ನೀರಿನ ಸಲುವಾಗಿ ನಿಮ್ಮಿಬ್ಬರ ಮಾತು ಬಿಟ್ಟಾವು ಅಂದ್ರು. ಅಂಥಾ ಉಪಕಾರ ಮಾಡಿದವರ ಕೂಡ ಗಟಾರಕ್ಕ ಜಗಳಾ ತಗದ್ರಲ್ಲಂತ ನಾನಽ ಅಪ್ಪಗ ಬೈದೀನಿ.”

ಅಂದರೆ ಆ ಮನುಷ್ಯ ಮಗಳಿಗೂ ಸುಳ್ಳು ಹೇಳಿದ್ದ. ಅಡುಗೆಮನೆಯ ಬಾಗಿಲಲ್ಲಿ ಕಾಕು ಗೋಡೆ ಹಿಡಿದು ನಿಂತಿದ್ದರು. ಅವರಿಗೆ ಎಲ್ಲವೂ ಗೊತ್ತಿತ್ತೆಂದು ಅವರ ಮುಖವೇ ಹೇಳುತ್ತಿತ್ತು. ಇಷ್ಟು ವರ್ಷ ನುಂಗಿಕೊಂಡಿದ್ದ ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಒಂದೇ ವಾಕ್ಯ ಸಾಕಿತ್ತು. ಅದನ್ನು ಆಡಿದ್ದರೆ ಮೂರು ದಿನದ ಹಿಂದೆ ತಂದೆ ಕಳೆದುಕೊಂಡವಳು ಅವರನ್ನು ಇನ್ನೊಮ್ಮೆ ಕಳೆದುಕೊಳ್ಳುತ್ತಿದ್ದಳು. ತಂದೆಯಂಥವರನ್ನು ಹಾಗೆ ಕಳೆದುಕೊಂಡರೆ ಹೇಗಿರುತ್ತದೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

“ಹೌದವ್ವ, ಗೊತ್ತಿತ್ತು” ಎಂದೆ. “ನಿಮ್ಮಪ್ಪ ಎಲ್ಲಾ ಹೇಳಿದ್ರು.”

ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ನಾನೂ ಅತ್ತೆ. ಸಿಟ್ಟಿನಿಂದ ಅತ್ತೆನೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಬದುಕಿದ್ದಾಗ ನನಗೆ ಸುಳ್ಳು ಹೇಳಿದರು, ಸತ್ತ ಮೇಲೆ ನನ್ನ ಬಾಯಿಂದಲೇ ಸುಳ್ಳು ಹೇಳಿಸಿದರು. ಮೊದಲನೆಯದನ್ನು ಎಂದಾದರೂ ಕ್ಷಮಿಸಿಯೇನು. ಎರಡನೆಯದನ್ನು ಕ್ಷಮಿಸಲಾರೆ, ಏಕೆಂದರೆ ಅದನ್ನು ನಾನು ಇವತ್ತಿಗೂ ಆ ಹುಡುಗಿಗೆ ಹೇಳುತ್ತಲೇ ಇದ್ದೇನೆ.