ಬಚ್ಚಲ ಮೂಲೆಯ ನೀರು

ನಮ್ಮ ಮನೆಯ ಬಚ್ಚಲಿನಲ್ಲಿ ನೀರು ಹೋಗಬೇಕಾದ ತೂತು ಒಂದು ಮೂಲೆಯಲ್ಲಿದೆ. ನೀರು ಹೋಗಿ ನಿಲ್ಲುವುದು ಅದಕ್ಕೆ ಸರಿಯಾಗಿ ಎದುರು ಮೂಲೆಯಲ್ಲಿ. ಜೆ.ಪಿ. ನಗರದ ಈ ಮನೆಗೆ ಬಂದು ಹನ್ನೊಂದು ವರ್ಷಗಳಾದವು. ಅಂದಿನಿಂದಲೂ ನನ್ನ ಹೆಂಡತಿ ಸುಮಿತ್ರಾ, ಎಲ್ಲರ ಸ್ನಾನವಾದ ಮೇಲೆ, ವೈಪರ್ ಹಿಡಿದು ಆ ನೀರನ್ನು ಮೂಲೆಯಿಂದ ಮೂಲೆಗೆ ಅಟ್ಟುತ್ತಾಳೆ. ನಾನು ಟವೆಲನ್ನು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, ಈ ನೆಲಕ್ಕೆ ಇನ್ನೊಂದಿಷ್ಟು ಇಳಿಜಾರು ಕೊಡಬೇಕಿತ್ತೆಂದು ಸವಿಸ್ತಾರವಾಗಿ ವಿವರಿಸುತ್ತೇನೆ. ವಿವರಿಸುವ ಅಧಿಕಾರ ನನಗಿದೆ. ಕಂಪ್ಯೂಟರಿನಲ್ಲಿ ನೆಲಕ್ಕೆ ಇಳಿಜಾರು ಕೊಡುವುದೇ ನನ್ನ ಹೊಟ್ಟೆಪಾಡು.

ಈ ವಿದ್ಯೆಯ ಸಹವಾಸವಿಲ್ಲದ ನಿಮಗೆ ಎರಡು ಮಾತು ಹೇಳಬೇಕು. ಕಟ್ಟಡ ಏಳುವ ಮೊದಲು ಅದರ ನೆಲವನ್ನು ಎಲ್ಲಿ ಏರಿಸಬೇಕು, ಎಲ್ಲಿ ತಗ್ಗಿಸಬೇಕು ಎಂದು ಪರದೆಯ ಮೇಲೆ ಬರೆಯುತ್ತೇವೆ. ಒಂದು ಗೆರೆ ಎಳೆದು, ಇಷ್ಟು ಎತ್ತರ, ಇಷ್ಟು ಇಳಿಜಾರು ಎಂದರೆ ಸಾಕು, ಅಲ್ಲಿಂದ ಮಣ್ಣಿನ ದಿಬ್ಬವೊಂದು ತಾನಾಗಿಯೇ ಇಳಿದು, ಹಳೆಯ ನೆಲ ಸಿಕ್ಕುವ ತನಕ ಹೋಗಿ ನಿಲ್ಲುತ್ತದೆ. ಇದಕ್ಕೆ ಗ್ರೇಡಿಂಗ್ ಎಂದು ಹೆಸರು. ಮನಸ್ಸು ಬದಲಾದರೆ ಅದರ ಮೇಲೆ ಕ್ಲಿಕ್ಕಿಸಿ ಅಂಕಿ ತಿದ್ದಿದರಾಯಿತು. ದಿಬ್ಬ ಬಗ್ಗುತ್ತದೆ, ಹಳ್ಳ ಮೇಲೇಳುತ್ತದೆ. ಮನೆಯಲ್ಲಿ ಒಬ್ಬರೂ ನನ್ನ ಮಾತು ಕೇಳದಿರುವಾಗ ಸಾಕ್ಷಾತ್ ಭೂಮಿತಾಯಿಯೇ ಒಂದು ಗುಂಡಿ ಒತ್ತಿದ ಮಾತ್ರಕ್ಕೆ ಕೇಳುತ್ತಾಳೆಂದರೆ ತಲೆ ತಿರುಗದೆ ಇರುತ್ತದೆಯೇ, ನೀವೇ ಹೇಳಿ.

ಹೋದ ಬೇಸಿಗೆಯಲ್ಲಿ ಜರಗನಹಳ್ಳಿಯ ನಂಜುಂಡಪ್ಪನವರ ಖಾಲಿ ಸೈಟಿನ ಕೆಲಸ ನನ್ನ ಪಾಲಿಗೆ ಬಂತು. ಒಂದು ಕಾಲಕ್ಕೆ ಅಲ್ಲೆಲ್ಲ ಸೊಪ್ಪು ತರಕಾರಿ ಬೆಳೆದವರು, ಈಗ ಆರು ಬಾಡಿಗೆ ಮನೆಗಳ ಒಡೆಯರು. ಸೈಟಿನ ಪಕ್ಕದಲ್ಲೇ ಅವರ ತಮ್ಮ ರಾಮಣ್ಣನ ಹಳೆಯ ಹೆಂಚಿನ ಮನೆ. ಆಸ್ತಿ ಪಾಲಾದ ದಿನದಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ನಮ್ಮ ಊರಿನಲ್ಲಿ ಹಳೆಯ ಟಾರಿನ ಮೇಲೆಯೇ ಹೊಸ ಟಾರು ಬೀಳುವುದರಿಂದ ರಸ್ತೆಗಳು ಬೆಳೆಯುತ್ತಲೇ ಇರುತ್ತವೆ, ಮನೆಗಳು ತಗ್ಗುತ್ತಲೇ ಇರುತ್ತವೆ. ಹೀಗಾಗಿ ಹೊಸದಾಗಿ ಕಟ್ಟುವವರೆಲ್ಲ ರಸ್ತೆಗಿಂತ ಮೂರಡಿ ಮೇಲಿರಬೇಕೆಂದು ಹಟ ಹಿಡಿಯುತ್ತಾರೆ. ನಂಜುಂಡಪ್ಪನವರೂ ಹಿಡಿದರು. ರಾಮಣ್ಣನ ಮನೆಯಂತೂ ಆಗಲೇ ರಸ್ತೆಯಿಂದ ಎರಡು ಮೆಟ್ಟಿಲು ಕೆಳಗಿತ್ತು. ಜೋರು ಮಳೆಗೆ ನೀರು ಹೊಸ್ತಿಲು ಮುಟ್ಟುತ್ತಿತ್ತು.

ಮೂರಡಿ ಎಂದು ಅಂಕಿ ಕೊಟ್ಟೆ, ದಿಬ್ಬ ಎದ್ದಿತು. ಪರದೆ ಗಿಜಿಗುಟ್ಟದಿರಲೆಂದು ಗಡಿಯ ಗೆರೆಯನ್ನೂ ಅಕ್ಕಪಕ್ಕದ ಮನೆಗಳನ್ನೂ ಮರೆಮಾಡಿಟ್ಟಿದ್ದವನು ಅವನ್ನು ಮತ್ತೆ ತೋರಿಸುವುದನ್ನೇ ಮರೆತೆ. ಬಣ್ಣ ತುಂಬಿ, ದೊಡ್ಡ ಹಾಳೆಯಲ್ಲಿ ಪ್ರಿಂಟು ತೆಗೆದು, ಸೈಟಿನ ಬೇವಿನ ಮರದ ಕೆಳಗೆ ಹಾಸಿ, ಇದೆಲ್ಲ ನಿಮಗೆ ತಿಳಿಯುವುದು ಸ್ವಲ್ಪ ಕಷ್ಟ ಎಂದು ನಂಜುಂಡಪ್ಪನವರಿಗೆ ದೊಡ್ಡ ಮನಸ್ಸಿನಿಂದ ಹೇಳಿದೆ.

ಅವರದು ಗುದ್ದಲಿ ಹಿಡಿದು ಮಡಿಯಿಂದ ಮಡಿಗೆ ನೀರು ಕಟ್ಟಿದ ಕೈ. ಬೆರಳನ್ನು ದಿಬ್ಬದ ನೆತ್ತಿಯ ಮೇಲಿಟ್ಟು, ಎತ್ತರ ತೋರಿಸುವ ಗೆರೆಯಿಂದ ಗೆರೆಗೆ ಇಳಿಸುತ್ತ ಬಂದು, ಒಂದು ಕಡೆ ನಿಲ್ಲಿಸಿದರು.

“ಸಾರ್, ಬೇವಿನ ಮರದಿಂದ ಇಷ್ಟು ದೂರ ಅಂದ್ರೆ, ಇದು ನಮ್ ರಾಮಣ್ಣನ ಅಡುಗೆಮನೆ ಅಲ್ವಾ?”

ಪ್ಲಾಸ್ಟಿಕ್ ಕುರ್ಚಿಯ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಮರೆಮಾಡಿದ್ದನ್ನೆಲ್ಲ ತೋರಿಸಿದೆ. ಹೌದು. ಹಳೆಯ ನೆಲವನ್ನು ಹುಡುಕಿಕೊಂಡು ಹೊರಟ ನನ್ನ ದಿಬ್ಬಕ್ಕೆ ಪಾಲುಪತ್ರದ ಗೊಡವೆ ಎಲ್ಲಿಯದು? ಅದು ಸರಾಗವಾಗಿ ಗಡಿ ದಾಟಿ, ಬಟ್ಟೆ ಒಗೆಯುವ ಕಲ್ಲನ್ನು ಹೂತು, ರಾಮಣ್ಣನ ಅಡುಗೆಮನೆಯ ಗೋಡೆಗೆ ಒರಗಿಕೊಂಡಿತ್ತು. ಗಾಬರಿ ಬೇಡ, ತಿದ್ದಿದರಾಯಿತು ಎಂದು ಗಡಿಯಲ್ಲೊಂದು ಗೋಡೆ ಎಬ್ಬಿಸಿದೆ. ಮಣ್ಣೇನೋ ನಿಂತಿತು, ನೀರಿನ ಜಾಡು ಹಿಡಿದ ನಂಜುಂಡಪ್ಪನವರ ಬೆರಳು ನಿಲ್ಲಲಿಲ್ಲ. ಇಷ್ಟು ವರ್ಷ ರಸ್ತೆಯ ನೀರು ಈ ಖಾಲಿ ಸೈಟಿಗೆ ಹರಡಿಕೊಳ್ಳುತ್ತಿತ್ತು. ಸೈಟು ಮೇಲೆದ್ದರೆ ಅದಕ್ಕೆ ಉಳಿಯುವ ತಗ್ಗು ರಾಮಣ್ಣನ ಮನೆಯೊಂದೇ. ಮೂರಡಿಯನ್ನು ಎರಡು ಮಾಡಿದೆ, ಇಳಿಜಾರನ್ನು ಆ ಕಡೆ ಈ ಕಡೆ ತಿರುಗಿಸಿದೆ. ಏನು ತಿದ್ದಿದರೂ ಆ ಹಾಳು ಬೆರಳು ಸುತ್ತಿ ಬಳಸಿ ಅಡುಗೆಮನೆಗೇ ಬಂದು ನಿಲ್ಲುತ್ತಿತ್ತು. ಅಷ್ಟರಲ್ಲಿ ಆ ಕಡೆಯಿಂದ ಕುಕ್ಕರು ಎರಡು ಸಲ ಕೂಗಿತು. ನಂಜುಂಡಪ್ಪನವರು ತಮ್ಮನ ಅಡುಗೆಮನೆಯ ಕಿಟಕಿಯ ಕಡೆಗೆ ನೋಡಿದರು.

“ತಗ್ಗಿಸ್ಬಿಡಿ ಸಾರ್. ಅವನ ಮನೆ ಮಟ್ಟಕ್ಕೆ.”

ಹಾಗೆ ಮಾಡಿದರೆ ಮಳೆಗಾಲದಲ್ಲಿ ನಿಮ್ಮ ಹೊಸ ಮನೆಗೂ ನೀರು ನುಗ್ಗುತ್ತದೆ ಎಂದು ಎಚ್ಚರಿಸಿದೆ.

“ಬರ್ಲಿ ಬಿಡಿ. ಇಬ್ಬರ ಮನೆಗೂ ಬಂದ್ರೆ ಇಬ್ಬರೂ ಸೇರಿ ಎತ್ತಿ ಹಾಕ್ತೀವಿ.”

ನಾನು ಅಂಕಿ ತಿದ್ದಿದೆ. ಎರಡು ದಿನ ಬೆವರು ಸುರಿಸಿ ಬಣ್ಣ ತುಂಬಿದ್ದ ದಿಬ್ಬ ಅರೆಗಳಿಗೆಯಲ್ಲಿ ಮಾಯವಾಯಿತು. ಇಷ್ಟು ವರ್ಷ ಎಷ್ಟೋ ಸೈಟುಗಳನ್ನು ಮೇಲೆತ್ತಿದ್ದೇನೆ. ಒಂದನ್ನು ಎತ್ತಿದಾಗ ಪಕ್ಕದ್ದು ಹಳ್ಳವಾಗುತ್ತದೆಂಬುದು ನನ್ನ ಲೆಕ್ಕಕ್ಕೆ ಬಂದಿರಲೇ ಇಲ್ಲ. ನಾಚಿಕೆಯಾಯಿತು, ನಿಮ್ಮ ಹತ್ತಿರ ಮುಚ್ಚಿಡುವುದೇನು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಎಂದಿನಂತೆ ಬಚ್ಚಲ ಬಾಗಿಲಲ್ಲಿ ನಿಂತೆ. ಸುಮಿತ್ರಾ ವೈಪರ್ ಹಿಡಿದು, ಉಪನ್ಯಾಸಕ್ಕೆ ಕಿವಿಯನ್ನು ಸಿದ್ಧಮಾಡಿಕೊಂಡಿದ್ದಳು. ನಾನು ಹಿತ್ತಿಲಿಗೆ ಹೋಗಿ ತೆಂಗಿನ ಗರಿಯ ಪೊರಕೆ ತಂದು, ಪಂಚೆ ಎತ್ತಿ ಕಟ್ಟಿ, ಒಳಗಿಳಿದೆ.

“ಏನ್ರೀ, ಕಂಪ್ಯೂಟರ್ ಕೆಟ್ಟೋಯ್ತಾ?” ಎಂದಳು.

ಇಲ್ಲವೆಂದು ತಲೆಯಾಡಿಸಿ, ಮೂಲೆಯ ನೀರನ್ನು ಬಲವಾಗಿ ಅಟ್ಟಿದೆ. ಅರ್ಧ ಅವಳ ಸೀರೆಯ ಮೇಲೆ ಹೋಯಿತು; ಉಳಿದದ್ದನ್ನು ಇಬ್ಬರೂ ಸೇರಿ ತೂತಿಗೆ ಮುಟ್ಟಿಸಿದೆವು.