ಒದ್ದೆ ಬ್ರಷ್ಷು

ನನ್ನ ಮಗಳಿಗೆ ಹಲ್ಲುಜ್ಜುವುದೆಂದರೆ ಆಗುತ್ತಲೇ ಇರಲಿಲ್ಲ. ಬ್ರಷ್ಷು ಕಂಡರೆ ಸಾಕು, ಬಾಯಿ ಬಿಗಿದುಕೊಂಡು ಮಂಚದ ಕೆಳಗೆ ತೂರುವಳು. ಎರಡೂವರೆ ವರ್ಷದ ಮಗು, ಹಿಡಿಯಹೋದರೆ ನಾಲ್ಕಾಳಿನ ಬಲ. ನಾನೋ ಮೇಷ್ಟ್ರು, ಊರ ಮಕ್ಕಳಿಗೆಲ್ಲ ಶುಚಿತ್ವದ ಪಾಠ ಹೇಳುವವನು. ಸ್ವಂತ ಮಗಳ ಬಾಯಿ ತೆರೆಸಲಾಗದಿದ್ದರೆ ಮರ್ಯಾದೆ ಏನು ಉಳಿಯಿತು? ಆ ಬೇಸಿಗೆ ರಜೆ ಪೂರ್ತಿ ಅವಳ ಹಿಂದೆ ಬಿದ್ದೆ. ಮೊದಲು ಗೊಂಬೆಯ ಹಲ್ಲು, ಆಮೇಲೆ ನನ್ನದು, ಕೊನೆಗೆ ಅವಳದು. ಉಜ್ಜಿಸಿಕೊಂಡ ದಿನ ಅಂಗೈ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ನಕ್ಷತ್ರ. ರಜೆ ಮುಗಿಯುವ ಹೊತ್ತಿಗೆ ತಾನೇ ಬಂದು 'ಆ' ಅನ್ನುತ್ತಿದ್ದಳು.

ಚಿಕ್ಕಬಳ್ಳಾಪುರ ಜಿಲ್ಲೆಯಾದ ಮರುವರ್ಷ ಅದು. ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಿಂದ ಚಿಂತಾಮಣಿಯ ಆಚೆಗಿದ್ದ ಶಾಲೆಗೆ ನಾನು ಏಳರ ಬಸ್ಸು ಹಿಡಿಯಬೇಕಿತ್ತು. ಮಗಳು ಏಳುತ್ತಿದ್ದುದು ಅದಾದ ಮೇಲೆ. ನನ್ನ ಹೆಂಡತಿ ಅಷ್ಟು ಹೊತ್ತಿಗೆ ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿರುವಳು. ಹಾಗಾಗಿ ಹಲ್ಲಿನ ಜವಾಬ್ದಾರಿಯನ್ನು ನನ್ನಮ್ಮನಿಗೆ ವಹಿಸಿದೆ.

"ಒಂದು ದಿನಾನೂ ತಪ್ಪಿಸ್ಬೇಡಮ್ಮ."

"ಅದಕ್ಕೇನು ನಾಯ್ನಾ, ನಾನು ನೋಡ್ಕೊಂತೀನಿ ಹೋಗು."

ಸಂಜೆ ಬಂದವನೇ ನಾನು ಮೊದಲು ನೋಡುತ್ತಿದ್ದುದು ಬ್ರಷ್ಷನ್ನು. ಅದರ ಬುಡದಲ್ಲಿ ಇನ್ನೂ ಒದ್ದೆ ಇರುತ್ತಿತ್ತು. ಪೇಸ್ಟೂ ಕರಗುತ್ತಿತ್ತು. ಮಗಳು ಮುಂದಿನ ಹಲ್ಲು ಕಿರಿದು "ಉಜ್ಜಿದೀನಪ್ಪ" ಅಂತ ಕೈ ಚಾಚುವಳು, ನಾನು ನಕ್ಷತ್ರ ಬರೆಯುವೆ. ಭಾನುವಾರ ನಾನು ಏಳುವಷ್ಟರಲ್ಲಿ ಅಮ್ಮ "ಆಗ್ಲೇ ಆಯ್ತು" ಅಂದುಬಿಡುತ್ತಿದ್ದಳು. ಶಾಲೆಯಲ್ಲಿ ಈ ಸಾಧನೆಯನ್ನು ಕೊಚ್ಚಿಕೊಳ್ಳದ ದಿನವಿರಲಿಲ್ಲ. ಒಂದಿಬ್ಬರು ಸಹೋದ್ಯೋಗಿಗಳಿಗೆ ಉಪಾಯವನ್ನೂ ಹೇಳಿಕೊಟ್ಟೆ.

ಏಳೆಂಟು ತಿಂಗಳಾದ ಮೇಲೆ ಒಂದು ದಿನ ಬಸ್ಸು ಕೆಟ್ಟು ನಿಂತಿತು. ವಾಪಸು ಬಂದೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಮ್ಮ, ಸೊಂಟದ ಮೇಲೆ ನನ್ನ ಮಗಳು. ಅಮ್ಮ ಬ್ರಷ್ಷಿನ ಮೇಲೆ ಪೇಸ್ಟು ಹಾಕಿ, ನೀರಿನಲ್ಲಿ ಅದ್ದಿ, ಬೆರಳಿನಿಂದ ತೊಳೆದು, ಮತ್ತೆ ಡಬ್ಬಿಯಲ್ಲಿಟ್ಟಳು. ಮಗಳ ಬಾಯಲ್ಲಿ ಕಲ್ಲುಸಕ್ಕರೆ. ನನ್ನನ್ನು ಮೊದಲು ಕಂಡವಳು ಅವಳೇ. ಕಂಡವಳೇ ಹಲ್ಲು ಕಿರಿದು ಅಂದಳು:

"ಉಜ್ಜಿದೀನಪ್ಪ."

"ಎಷ್ಟು ದಿನದಿಂದ ನಡೀತಿದೆ ಇದು?" ಎಂದು ಅಮ್ಮನ ಮೇಲೆ ಕೂಗಿದೆ.

"ಮೊದ್ಲು ತಪ್ಪಿಸಿದಾಗ ಹುಳ ನಾಲ್ಕನೇ ಜ್ವರ ಎದ್ದಿತ್ತು ಕಣಪ್ಪ," ಅಂದಳು ಅಮ್ಮ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. "ಇವಳು ಬಾಯ್ತುಂಬ ನೊರೆ ಇಟ್ಕೊಂಡು ಹುಳದ ತಟ್ಟೆ ಇರೋ ನಡುಮನೆಗೆ ಓಡ್ತಾಳೆ. ಆ ಪೇಸ್ಟಿನ ಘಾಟು ಹುಳಕ್ಕೆ ಆಗ್ತದಾ? ತಟ್ಟೆ ಮೇಲೆ ಉಗಿದ್ರೆ ಬೆಳೆನೇ ಹೋಯ್ತು. ನಾವು ಊದಿನಕಡ್ಡಿನೇ ಹಚ್ಚಲ್ಲ."

"ಹುಳ ಗೂಡು ಕಟ್ಟಿದ ಮೇಲೆ?"

"ಅಷ್ಟೊತ್ತಿಗೆ ಇವಳಿಗೆ ಅಭ್ಯಾಸ ತಪ್ಪೋಗಿತ್ತು. ಮುಟ್ಟಿದ್ರೆ ಅಳೋಳು. ನಿಂಗೆ ಹೇಳಿದ್ರೆ ಕೂಗಾಡ್ತೀಯ."

ಕೂಗಾಡುತ್ತಲೇ ಇದ್ದೆ. ತೋಟದಿಂದ ಬಂದ ಹೆಂಡತಿ ಸೊಪ್ಪಿನ ಹೊರೆ ಇಳಿಸಿ ತಲೆ ತಗ್ಗಿಸಿದಳು. ಅವಳಿಗೂ ಗೊತ್ತಿತ್ತು! ಹುಳುವಿಗಿದ್ದ ಬೆಲೆ ಈ ಮನೆಯಲ್ಲಿ ನನ್ನ ಮಾತಿಗಿಲ್ಲ ಎಂದು ಹೊಟ್ಟೆ ಉರಿಯಿತು. ಅದನ್ನಾದರೂ ನುಂಗಬಹುದಿತ್ತು. ಮಾತು ಕಲಿಯುತ್ತಿದ್ದ ಕೂಸಿಗೆ ಅಪ್ಪನ ಹತ್ತಿರ ಸುಳ್ಳು ಹೇಳುವುದನ್ನು ಕಲಿಸಿದ್ದನ್ನು ನುಂಗಲಾಗಲಿಲ್ಲ. ಅಮ್ಮನನ್ನು ಸುಳ್ಳುಗಾತಿ ಎಂದೆ. ವಾರವಿಡೀ ಅವಳು ಬಡಿಸಿದ ಅನ್ನವನ್ನು ಮಾತಿಲ್ಲದೆ ಉಂಡೆ.

ಆ ವಾರದಲ್ಲೇ ಮಗಳ ಕೆನ್ನೆ ಊದಿತು. ಟಾರ್ಚು ಬಿಟ್ಟು ನೋಡಿದರೆ ಹಿಂದಿನ ದವಡೆಹಲ್ಲು ಕಪ್ಪಾಗಿ ಟೊಳ್ಳು ಬಿದ್ದಿತ್ತು. ಚಿಂತಾಮಣಿಯ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಗಳು ಬಿಡಲಿಲ್ಲವೆಂದು ಅಮ್ಮನೂ ಬಂದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಒಳಗೆ ಕೀವಾಗಿದೆ, ಹಲ್ಲು ತೆಗೆಯಲೇಬೇಕು ಎಂದರು. ಹೊರಗೆ ಬೆಂಚಿನ ಮೇಲೆ ಮಗಳು ಕಾಯುತ್ತಿದ್ದಳು.

"ನೋಯ್ತದಾ ಅಪ್ಪ?"

"ಇಲ್ಲ ಕಣಮ್ಮ. ಬರೀ ನೋಡ್ತಾರೆ ಅಷ್ಟೆ."

ನಂಬಿದಳು. ತಾನೇ ಕುರ್ಚಿ ಹತ್ತಿ, ಯಾರೂ ಹೇಳದೆ ಬಾಯಿ ತೆರೆದಳು. ಸೂಜಿ ಕಂಡು ಕೊಸರಾಡಿದಾಗ ಅವಳ ಎರಡೂ ಕೈಗಳನ್ನು ಅದುಮಿ ಹಿಡಿದವನು ನಾನು.

ಬಸ್ಸಿನಲ್ಲಿ ಅಜ್ಜಿಯ ತೊಡೆ ಬಿಟ್ಟು ನನ್ನ ಹತ್ತಿರ ಬರಲಿಲ್ಲ. ಹಲ್ಲು ಕಿತ್ತ ಜಾಗದಲ್ಲಿ ಡಾಕ್ಟರಿಟ್ಟ ಹತ್ತಿ ಕಚ್ಚಿಕೊಂಡೇ, ತೊದಲುತ್ತ ಕೇಳಿದಳು.

"ಬರೀ ನೋಡ್ತಾರೆ ಅಂದ್ಯಲ್ಲಪ್ಪ?"

ನಾನು ಕಿಟಕಿಯ ಕಡೆ ತಿರುಗಿದೆ. ನನ್ನಿಂದ ಸುಳ್ಳುಗಾತಿ ಎನ್ನಿಸಿಕೊಂಡಿದ್ದ ಅಮ್ಮನಿಗೆ ಈಗ ಆಡಿಕೊಳ್ಳಲು ಒಳ್ಳೆಯ ಅವಕಾಶವಿತ್ತು. ಅವಳು ಸೆರಗಿನಿಂದ ಮಗುವಿನ ಗಲ್ಲ ಒರೆಸಿದಳು.

"ನೀನು ಅಳಬಾರ್ದು ಅಂತ ಹಂಗಂದ, ಬಿಡಮ್ಮ."

ಮಗಳು ಅವಳ ಎದೆಗೆ ಮುಖ ಒತ್ತಿಕೊಂಡಳು. ನಮ್ಮೂರು ಬರುವವರೆಗೂ ನನ್ನ ಕಡೆ ನೋಡಲಿಲ್ಲ.